ಹುಚ್ಚನ ಕೂಲಿ ಎಷ್ಟು?

ಗದಗಿನ ಚರಿತ್ರೆ ಬರೆದವರಿಗೆ ತ್ರಿಕೂಟೇಶ್ವರ ಗುಡಿಯ ಕಂಬಗಳು ಕಂಡವು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಕೂತನೆಂಬ ಕಂಬ ಕಂಡಿತು. ಲಕ್ಷ್ಮೇಶ್ವರದ ಸೋಮೇಶ್ವರ, ಪುಲಿಗೆರೆಯ ತಿರುಳ್ಗನ್ನಡ, ಶಿರಹಟ್ಟಿಯ ಫಕೀರೇಶ್ವರ, ಮುಂಡರಗಿಯ ಭೀಮರಾಯ ಎಲ್ಲರೂ ಕಂಡರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಜಡೆಗಟ್ಟಿದ ಕೂದಲು ಹೊತ್ತು ತನ್ನಷ್ಟಕ್ಕೆ ತಾನೇ ಮಾತಾಡುತ್ತ ಕೂತವನು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಅವನಿಗೂ ಒಂದು ಚರಿತ್ರೆ ಇದೆ. ಅವನನ್ನು ಯಾರು ಕಟ್ಟಿ ಹಾಕಿದರು, ಯಾರು ಬಿಚ್ಚಿದರು, ಅವನ ಕೈಯಿಂದ ಯಾವ ಕೆಲಸ ತೆಗೆದರು, ಆ ಕೆಲಸಕ್ಕೆ ಎಷ್ಟು ಕೊಟ್ಟರು ಎಂಬ ಚರಿತ್ರೆ. ನಾವು ಇಲ್ಲಿ ಬರೆಯಹೊರಟಿರುವುದು ಅದನ್ನು.

ಹುಚ್ಚ ಎಂಬ ಮಾತನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ವೈದ್ಯರು ಸ್ಕಿಜೋಫ್ರೇನಿಯಾ ಅನ್ನುತ್ತಾರೆ. ಪುಸ್ತಕದ ಕನ್ನಡ ಇಚ್ಚಿತ್ತ ವಿಕಲತೆ ಅನ್ನುತ್ತದೆ, ಛಿದ್ರಮನಸ್ಕತೆ ಅನ್ನುತ್ತದೆ. ಊರು ಅನ್ನುವುದು ‘ತಲಿ ಕೆಟ್ಟೈತಿ’, ‘ಗಾಳಿ ಬಡದೈತಿ’, ‘ಯಾರೋ ಮಾಡಿಸ್ಯಾರ’. ಕೂಲಿ ಕೊಡುವಾಗ, ಹೆಣ್ಣು ಕೊಡುವಾಗ, ಹೊಲ ಹಂಚುವಾಗ ಲೆಕ್ಕಕ್ಕೆ ಬರುವುದು ಊರಿನ ಮಾತೇ ಹೊರತು ವೈದ್ಯರ ಮಾತಲ್ಲ.

ಈ ರೋಗಕ್ಕೆ ಎರಡು ಮುಖ. ಒಂದು ಗದ್ದಲದ ಮುಖ. ಯಾರೂ ಇಲ್ಲದಲ್ಲಿ ಕಿವಿಯೊಳಗೆ ದನಿ ಕೇಳುತ್ತದೆ. ಊಟಕ್ಕೆ ವಿಷ ಹಾಕಿದ್ದಾರೆಂಬ ಅನುಮಾನ. ನಡುರಾತ್ರಿ ಎದ್ದು ಓಡುವುದು. ಇದು ಇಡೀ ಓಣಿಗೆ ಕಾಣುತ್ತದೆ, ಹಗ್ಗ ಬರುವುದು ಇದಕ್ಕೇ. ಇನ್ನೊಂದು ಸುಮ್ಮನಿರುವ ಮುಖ. ಜಳಕ ಮಾಡುವ ಮನಸ್ಸಿಲ್ಲ. ಉಣ್ಣು ಅಂದರೆ ಉಂಡಾನು, ಅನ್ನದಿದ್ದರೆ ಇಲ್ಲ. ಮಾತಿಗೆ ಮಾತು ಕೊಡುವುದಿಲ್ಲ. ಕೆಲಸ ಹಿಡಿದರೆ ನಡುವೆಯೇ ಕೈ ನಿಂತುಬಿಡುತ್ತದೆ. ಇದನ್ನು ಮನೆಯವರು ಸೋಮಾರಿತನ ಎಂದು ಬೈಯುತ್ತಾರೆ. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಬಳಸಿ ನೋಡಿದ ಮೇಲೆ ಗದ್ದಲದ ಮುಖಕ್ಕೆ ಗುಳಗಿ ಸಿಕ್ಕಿತು. ಗುಳಗಿ ಬೇಡ ಅನ್ನುವ ಮೂರ್ಖತನ ನಮಗಿಲ್ಲ. ಆದರೆ ಸುಮ್ಮನಿರುವ ಮುಖವನ್ನು ಗುಳಗಿ ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೆ ಮನುಷ್ಯರು ಬೇಕು. ದಿನಚರಿ ಹಿಡಿಸಬೇಕು, ಮನೆಯವರಿಗೆ ತಿಳಿಸಿ ಹೇಳಬೇಕು, ಕಿರಾಣಿ ಅಂಗಡಿಯಲ್ಲಿ ಸಾಮಾನು ಕೇಳುವುದನ್ನೂ ಬಸ್ಸಿನಲ್ಲಿ ಟಿಕೇಟು ತೆಗೆಸುವುದನ್ನೂ ಮತ್ತೆ ರೂಢಿ ಮಾಡಿಸಬೇಕು, ಕೆಲಸಕ್ಕೆ ಹಚ್ಚಿ ಕೆಲಸದಲ್ಲಿ ನಿಲ್ಲುವವರೆಗೆ ಜೊತೆಗಿರಬೇಕು. ದೊಡ್ಡ ಪುಸ್ತಕಗಳು ಇದನ್ನು ಮನೋಸಾಮಾಜಿಕ ಚಿಕಿತ್ಸೆ ಅನ್ನುತ್ತವೆ.

ಎಷ್ಟು ಜನರ ಮಾತಿದು? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸಾವಿರಕ್ಕೆ ನಾಲ್ವರಿಗೆ ಆ ಹೊತ್ತಿಗೆ ಈ ಬಗೆಯ ತೀವ್ರ ಕಾಯಿಲೆ ಇತ್ತು. ಅವರಲ್ಲಿ ನಾಲ್ವರಿಗೆ ಮೂವರಂತೆ ಚಿಕಿತ್ಸೆಯ ಹೊರಗಿದ್ದರು. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನ ಹತ್ತು ಲಕ್ಷ ಅರವತ್ತು ಸಾವಿರದ ಮೇಲೆ. ಬೆರಳು ಮಡಚಿ ನಾವೇ ಲೆಕ್ಕ ಹಾಕಿದರೆ ಈ ಜಿಲ್ಲೆಯೊಂದರಲ್ಲೇ ಎರಡೂವರೆ, ಮೂರು ಸಾವಿರ ಜನ.

*

ಇನ್ನು ಹಿಂದಕ್ಕೆ ಹೋಗೋಣ. ನಮ್ಮ ಈ ನಾಲ್ಕು ಊರುಗಳು ಇಂಗ್ರೇಜಿ ಆಳಿಕೆಯಲ್ಲಿ ಒಬ್ಬ ಒಡೆಯನ ಕೈಯಲ್ಲಿರಲಿಲ್ಲ. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಕಂದಾಯ ಎತ್ತಲು ಮೂವರು ಒಡೆಯರು, ತಲೆ ಕೆಟ್ಟವನಿಗೆ ಒಬ್ಬನೂ ಇಲ್ಲ. ದೇವರೇ ದಿಕ್ಕು. ನಮ್ಮ ಹಿರಿಯರು ಮಠಕ್ಕೆ, ದರ್ಗಾಕ್ಕೆ, ಗುಡಿಗೆ ಹೋದದ್ದನ್ನು ಮೌಢ್ಯವೆಂದು ಪಟ್ಟಣದ ವಿಚಾರವಾದಿಗಳು ನಗುತ್ತಾರೆ. ಬೇರೆ ಯಾವ ಬಾಗಿಲು ತೆರೆದಿತ್ತು ಎಂದು ಅವರು ಕೇಳುವುದಿಲ್ಲ. ತೆರೆದ ಬಾಗಿಲಲ್ಲೂ ನಮ್ಮವರಿಗೆ ಹೊಸ್ತಿಲಿನ ಆಚೆಯೇ ಜಾಗ. ಗುಡಿಯೊಳಗೆ ಕಾಲಿಡಬಾರದವನ ದೆವ್ವವನ್ನೂ ಗುಡಿಯ ಹೊರಗೇ ಬಿಡಿಸುತ್ತಿದ್ದರು.

ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಸುರುವಾದದ್ದು 1845ರಲ್ಲಿ. ಗದಗಿನಿಂದ ಅದು ಎಂಬತ್ತು ಕಿಲೋಮೀಟರಿನ ಹತ್ತಿರ, ಮುಂಡರಗಿಯಿಂದಾದರೆ ಇನ್ನೂ ನಲವತ್ತು ಸೇರಿಸಬೇಕು. ಇವತ್ತಿಗೂ ನಮ್ಮ ಕಡೆ ಬೈಗುಳದಲ್ಲಿ ಧಾರವಾಡ ಬರುತ್ತದೆ: ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡು.’ ಕಳಿಸುವುದಕ್ಕೆ ಕಾನೂನು ಬಂದದ್ದು 1858ರಲ್ಲಿ. ಮುಂಡರಗಿ ಭೀಮರಾಯ ಕಂಪನಿ ಸರಕಾರದ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಸತ್ತ ವರ್ಷವೂ ಅದೇ, ನರಗುಂದದ ಬಾಬಾಸಾಹೇಬನನ್ನು ಗಲ್ಲಿಗೇರಿಸಿದ ವರ್ಷವೂ ಅದೇ. ಬೀದಿಯಲ್ಲಿ ಅಲೆಯುವ ಹುಚ್ಚನನ್ನು ಪೋಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬೇಕು, ಅವನ ಹುಕುಮಿನ ಮೇಲೆ ಒಳಗೆ ಹಾಕಬೇಕು. ದಂಗೆಕೋರನಿಗೂ ಹುಚ್ಚನಿಗೂ ಒಂದೇ ಪೋಲೀಸು, ಒಂದೇ ಮ್ಯಾಜಿಸ್ಟ್ರೇಟು.

ಆ ಹೊತ್ತಿಗೆ ಯುರೋಪಿನಲ್ಲಿ ಒಂದು ಹೊಸ ಮಾತು ಹುಟ್ಟಿ ಅರ್ಧ ಶತಮಾನ ದಾಟಿತ್ತು. ಪ್ಯಾರಿಸ್ಸಿನಲ್ಲಿ ಪಿನೆಲ್, ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ 1796ರಲ್ಲಿ ಆಶ್ರಯ ತೆರೆದ ಟ್ಯೂಕ್ ಮನೆತನದವರು, ಸರಪಳಿ ಬಿಚ್ಚಿ ಅಂದರು. ಮನುಷ್ಯನಂತೆ ಮಾತಾಡಿಸಿ, ತೋಟದ ಕೆಲಸ ಕೊಡಿ, ಕೈಗೆ ಕೆಲಸವಿದ್ದರೆ ಮನಸ್ಸು ದಾರಿಗೆ ಬಂದೀತು ಅಂದರು. ದೊಡ್ಡ ಮಾತೇ. ಆದರೆ ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದಾಗ ಏನಾಯಿತು? ಇಲ್ಲಿಯ ಹುಚ್ಚಾಸ್ಪತ್ರೆಗಳ ವರ್ಷದ ವರದಿಗಳಲ್ಲಿ ರೋಗಿಗಳ ದುಡಿಮೆಯಿಂದ ಸರಕಾರಕ್ಕೆ ಎಷ್ಟು ಬಂತು, ಎಷ್ಟು ಉಳಿಯಿತು ಎಂಬ ಲೆಕ್ಕ ಬಂತು. ತೋಟ ಮಾಡಿಸಿದರು, ಹಿಟ್ಟು ಬೀಸಿಸಿದರು, ಗಾಣ ತಿರುಗಿಸಿದರು, ಬಟ್ಟೆ ನೇಯಿಸಿದರು. ಚಿಕಿತ್ಸೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಹುಚ್ಚ ವಾಸಿಯಾದನೋ ಇಲ್ಲವೋ, ಖರ್ಚು ಇಳಿಯಿತು. ಒಳಗಿನ ಲೋಕವೂ ಹೊರಗಿನ ಲೋಕದ ತದ್ರೂಪು. ಅಡಿಗೆಯವನ ಜಾತಿ ನೋಡುತ್ತಿದ್ದರು. ಮಲ ಬಳಿಯುವವನ ಜಾತಿ ನೋಡುವ ಗರಜೇ ಇರಲಿಲ್ಲ, ಅದು ಅವನು ಹುಟ್ಟುವ ಮೊದಲೇ ಗೊತ್ತಾಗಿತ್ತು.

ಬೆಟಗೇರಿಯ ನೇಕಾರನಿಗೆ ಈ ಮಾತು ಬೇಗ ತಿಳಿದೀತು. ಕುಣಿಯಲ್ಲಿ ಕಾಲಿಟ್ಟು ಲಾಳಿ ಎಸೆಯುವುದರಲ್ಲಿ ಒಂದು ಲಯ ಇದೆ. ಕೈ, ಕಾಲು, ಕಣ್ಣು ಕೂಡಿ ನಡೆಯುವಾಗ ಮನಸ್ಸು ಚದುರುವುದಕ್ಕೆ ಜಾಗ ಕಡಿಮೆ. ಕೆಲಸದಲ್ಲಿ ಮದ್ದು ಇರುವುದು ಸುಳ್ಳಲ್ಲ. ಆದರೆ ಅದೇ ಮಗ್ಗ ಸಾಹುಕಾರನ ನೂಲಿಗೂ ಸಾಲಕ್ಕೂ ಕಟ್ಟಿಬಿದ್ದಾಗ ಆ ಲಯವೇ ಮನುಷ್ಯನನ್ನು ತಿನ್ನುತ್ತದೆ. ಮಗ್ಗ ಯಾರದು, ಬಟ್ಟೆ ಯಾರದು, ಪಗಾರ ಯಾರಿಗೆ ಎಂದು ಕೇಳದೆ ಕೆಲಸವೇ ಚಿಕಿತ್ಸೆ ಅನ್ನುವವರನ್ನು ನಾವು ನಂಬಲಾರೆವು.

1912ರಲ್ಲಿ ಹೊಸ ಲೂನಸಿ ಕಾಯಿದೆ ಬಂತು. 1920ರ ದಶಕದಲ್ಲಿ ಹುಚ್ಚಾಸ್ಪತ್ರೆಗಳ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. ಬೋರ್ಡು ಬದಲಾಯಿತು, ಗೋಡೆ ಬದಲಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ, 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬರುವ ತನಕ, ಬಿಳಿಯರ ಆ 1912ರ ಕಾನೂನೇ ನಡೆದದ್ದು.

*

ಗೋಡೆಗೆ ಮೊದಲ ತೂತು ಬಿದ್ದದ್ದು ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹೊಡೆಸಿ ರೋಗಿಗಳ ಮನೆಯವರನ್ನೇ ಕರೆಸಿ ಇರಿಸಿಕೊಂಡರು. ತಾಯಿ ಬಂದಳು, ಅಣ್ಣ ಬಂದ, ಹೆಂಡತಿ ಬಂದಳು. ಕೂಡಿ ಉಂಡರು, ಕಾಯಿಲೆ ಏನೆಂದು ಕೇಳಿ ತಿಳಿದರು. ರೋಗಿ ಬೇಗ ಚೇತರಿಸಿಕೊಂಡು ಊರಿಗೆ ಮರಳಿದ. ಮನೆಯವರೇ ಹೆದರಿಕೆ ಬಿಟ್ಟು ಹೋದರು. ವೆಲ್ಲೂರು, ಬೆಂಗಳೂರುಗಳಲ್ಲಿಯೂ ಮನೆಯವರು ಉಳಿಯುವ ವಾರ್ಡುಗಳಾದವು.

ಮನೆಯವರ ಮಾತು ಏಕೆ ದೊಡ್ಡದು ಎಂಬುದನ್ನು ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950, 60ರ ದಶಕಗಳಲ್ಲಿ ತೋರಿಸಿದರು. ಸದಾ ಕುಟುಕುವ, ಬೈಯುವ ಮನೆಗೆ ಮರಳಿದವನಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ. 1987ರಲ್ಲಿ ಪ್ರಕಟವಾದ ಚಂಡೀಗಡದ ಅಧ್ಯಯನದಲ್ಲಿ ಅಲ್ಲಿಯ ಮನೆಗಳಲ್ಲಿ ಲಂಡನ್ನಿಗಿಂತ ಕುಟುಕು ಕಡಿಮೆ ಕಂಡಿತು. ಸಂತೋಷ. ಆದರೆ ಅಳತೆ ಮನೆಯ ಬಾಗಿಲಿಗೆ ನಿಂತಿತು. ಕೇರಿಯವನನ್ನು ಕುಟುಕುವವರು ಅವನ ಮನೆಯೊಳಗೇ ಇರಬೇಕೆಂದೇನೂ ಇಲ್ಲ. ಚಹಾದ ಅಂಗಡಿಯಲ್ಲಿ ಬೇರೆ ಕಪ್ಪು ಇಟ್ಟವನು, ಹಿತ್ತಲ ಬಾಗಿಲಿಗೆ ಬಾ ಅನ್ನುವವನು, ಅವರ ಮಾತು ಯಾವ ಪಟ್ಟಿಯಲ್ಲಿ ಬರಬೇಕು?

ಇಂಥದೇ ಒಂದು ಮಾತು ನಮ್ಮ ರಾಜ್ಯದ್ದೂ ಇದೆ. ಉಡುಪಿ ಹತ್ತಿರದ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಹಳ್ಳಿಯ ಮನಸ್ಸನ್ನು ಹಳ್ಳಿಗೇ ಹೋಗಿ ನೋಡಿದ ಮೊದಮೊದಲ ದೊಡ್ಡ ಕೆಲಸ, ಗೌರವ ಕೊಡಬೇಕು. ಅವರು ಹೋಲಿಸಿದ್ದು ಬ್ರಾಹ್ಮಣ, ಬಂಟ, ಮೊಗವೀರ ಎಂಬ ಮೂರು ಸಮುದಾಯಗಳನ್ನು. ಹೊಲಗೇರಿ ಆ ಹೋಲಿಕೆಯಲ್ಲಿ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಸಕಲವಾರದಲ್ಲಿ ಹಳ್ಳಿಯ ಕೇಂದ್ರ ತೆರೆಯಿತು. ಶೈಲಾ ಪೈ ಮತ್ತು ಕಪೂರ್ ಇನ್ನೂ ಒಂದು ಹೆಜ್ಜೆ ಇಟ್ಟರು. ಒಂದು ಗುಂಪನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನೊಂದು ಗುಂಪನ್ನು ಮನೆಯಲ್ಲೇ ಇರಿಸಿ ನರ್ಸಮ್ಮ ಮನೆಗೆ ಹೋಗಿ ಬರುವಂತೆ ಮಾಡಿದರು. ಗುಳಗಿ ಕೊಡುವುದಷ್ಟೇ ಅಲ್ಲದೆ ಮನೆಯವರ ಜೊತೆ ಕೂತು ಮಾತಾಡುವುದೂ ನರ್ಸಮ್ಮನ ಕೆಲಸ. 1980ರ ದಶಕದ ಮೊದಲಲ್ಲಿ ಅವರು ಬರೆದದ್ದು ಇಷ್ಟು: ಮನೆಯಲ್ಲಿದ್ದವರ ಕಾಯಿಲೆಯೂ ಹೆಚ್ಚು ಇಳಿಯಿತು, ಜನರೊಡನೆ ಬೆರೆಯುವುದೂ ಸುಧಾರಿಸಿತು, ಮನೆಯ ಮೇಲಿನ ಭಾರ ಹಗುರಾಯಿತು, ಖರ್ಚೂ ಕಡಿಮೆ. ಆಮೇಲೆ ತೀರ್ಥಹಳ್ಳಿ ತಾಲೂಕಿನಲ್ಲಿ ಇದೇ ಸಂಸ್ಥೆಯವರು ವರ್ಷಗಟ್ಟಲೆ ಹಳ್ಳಿಯ ರೋಗಿಗಳ ಬೆನ್ನು ಹತ್ತಿದಾಗ ಹೆಚ್ಚಿನವರು ದುಡಿದು ತಿನ್ನುವ ಸ್ಥಿತಿಗೆ ಬಂದದ್ದು ಕಂಡಿತು. ನಲವತ್ತು ವರ್ಷದ ಹಿಂದೆಯೇ ನಮ್ಮ ರಾಜ್ಯದಲ್ಲಿ ಗೊತ್ತಾದ ಸಂಗತಿ ಇದು. ಗೊತ್ತಿರಲಿಲ್ಲ ಎಂದು ಯಾರೂ ನೆಪ ಹೇಳುವ ಹಾಗಿಲ್ಲ.

ಈಗ ಹೊಳೆಯ ದಂಡೆಗೆ ಬನ್ನಿ. ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ ನಿಂತರೆ ಮುಂದೆ ತುಂಗಭದ್ರೆ. ಆಚೆ ದಂಡೆ ಹೂವಿನಹಡಗಲಿ ತಾಲೂಕು, ಈಗ ವಿಜಯನಗರ ಜಿಲ್ಲೆ, ಆಗ ಬಳ್ಳಾರಿ ಜಿಲ್ಲೆ. 1982ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿಸಿತು. ಅದನ್ನು ಒಂದು ಜಿಲ್ಲೆಯಲ್ಲಿ ಮಾಡಿ ನೋಡಲು 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯನ್ನು ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, ಹಳ್ಳಿಯ ದವಾಖಾನೆಯಲ್ಲೇ ಗುಳಗಿ. ಬಳ್ಳಾರಿ ಮಾದರಿ ಎಂದು ದೇಶಕ್ಕೆಲ್ಲ ಹೆಸರಾಯಿತು. ಆಚೆ ದಂಡೆಯವನಿಗೆ ಊರ ದವಾಖಾನೆಯಲ್ಲಿ ಗುಳಗಿ, ಈಚೆ ದಂಡೆಯವನಿಗೆ ಧಾರವಾಡದ ಬಸ್ಸು. ಅದು ಸರಕಾರದ ಗಡಿ. ಹೊಳೆಯ ನೀರು ಎರಡೂ ದಂಡೆಗೆ ಒಂದೇ.

ಬಳ್ಳಾರಿ ಮಾದರಿಯಿಂದ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು, ತಡವಾಗಿ ನಮ್ಮಲ್ಲಿಗೂ ಬಂತು. 1997ರಲ್ಲಿ ಗದಗ ಸ್ವತಂತ್ರ ಜಿಲ್ಲೆಯಾಯಿತು. 2009ರಲ್ಲಿ ಧಾರವಾಡದ ಹಳೆಯ ಆಸ್ಪತ್ರೆ ಡಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು, 2015ರಲ್ಲಿ ಗದಗಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಆದರೆ ಕಾರ್ಯಕ್ರಮ ಹಳ್ಳಿಗೆ ಇಳಿಯುತ್ತ ಇಳಿಯುತ್ತ ಬರೀ ಗುಳಗಿಯಾಗಿ ಉಳಿಯಿತು. ನರ್ಸಮ್ಮನ ಮಾತು, ಮನೆಯವರ ಪಾಠ, ಕೆಲಸಕ್ಕೆ ಹಚ್ಚುವುದು, ಇವೆಲ್ಲ ದಾರಿಯಲ್ಲಿ ಉದುರಿದವು. ಗುಳಗಿಯನ್ನು ಎಣಿಸಿ ವರದಿ ಬರೆಯಬಹುದು. ಒಬ್ಬ ಮನುಷ್ಯ ಮತ್ತೆ ಜಳಕ ಮಾಡಿದ್ದನ್ನು ಯಾವ ಕಾಲಮಿನಲ್ಲಿ ಬರೆಯುವುದು?

*

ಮುಂಡರಗಿ ಕಡೆಯ ಒಂದು ಕೇರಿಯ ಹುಡುಗನನ್ನು ನಾವು ಬಲ್ಲೆವು. ಗುಳಗಿಯಿಂದ ದನಿಗಳು ನಿಂತವು, ಆದರೆ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಅವನ ಅವ್ವ ಶಾಲೆಯ ಮುಖ ಕಂಡವಳಲ್ಲ. ‘ಏ ತಮ್ಮಾ, ಒಂದ ಕೊಡ ನೀರ ತಾ, ಸಾಕು’ ಅಂದಳು. ಒಂದು ತಿಂಗಳು ಅದೇ ಒಂದು ಕೊಡ. ಆಮೇಲೆ ಎರಡು ಆಡಿನ ಹಗ್ಗ ಕೈಗೆ ಕೊಟ್ಟಳು. ಆಮೇಲೆ ತನ್ನ ಪಕ್ಕದ ಸಾಲಿನಲ್ಲಿ ಉಳ್ಳಾಗಡ್ಡಿ ಕೀಳಲು ನಿಲ್ಲಿಸಿದಳು. ನಡುವೆ ಕೈ ನಿಂತರೆ ಬೈಯಲಿಲ್ಲ, ‘ಕುಂಡ್ರು, ಎಲಿಅಡಿಕಿ ಹಾಕ್ಕೋ, ಮತ್ತ ಏಳು’ ಅಂದಳು. ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು, ಒಂದು ಗಟ್ಟಿಯಾದ ಮೇಲೆ ಮುಂದಿನದಕ್ಕೆ ಹೋಗಬೇಕೆಂದು ದೊಡ್ಡ ಸಂಸ್ಥೆಗಳಲ್ಲಿ ಕಲಿಸುವುದು ಇದನ್ನೇ. ವರ್ಷದೊಳಗೆ ಹುಡುಗ ಸರಿಸಾಟಿ ಸಾಲು ಹಿಡಿದ. ಸಂಜೆ ಹೊಲದ ಒಡೆಯ ಅವನ ಕೈಗೆ ಅರ್ಧ ಕೂಲಿ ಇಟ್ಟ. ‘ಹುಚ್ಚಗ ಇಷ್ಟ ಸಾಕು. ಕೆಲಸಕ್ಕ ಕರದದ್ದ ದೊಡ್ಡದು’ ಅಂದ. ಅವ್ವ ಸುಮ್ಮನೆ ಸೆರಗಿನಲ್ಲಿ ಕಟ್ಟಿಕೊಂಡಳು.

ದಿನನಿತ್ಯದ ಬದುಕು ಸುಧಾರಿಸಿತು ಅನ್ನುವ ಶಾಸ್ತ್ರದ ಮಾತು ನಮಗೆ ಚುಚ್ಚುವುದು ಇಲ್ಲಿ. ಯಾವ ಬದುಕಿಗೆ ಮರಳಿ ತಂದಿರಿ? 1976ರಲ್ಲಿ ಜೀತ ಕಾನೂನಿನಿಂದ ಹೋಯಿತು. ಮನಸ್ಸು ಒಡೆದವನ ಮೈಯಲ್ಲಿ ಅದು ಬೇರೆ ಹೆಸರಿನಿಂದ ತಿರುಗಿ ಬಂದು ಕೂತಿದೆ. ಹೆಣ್ಣಿನ ಪಾಡು ಇನ್ನೂ ಬೇರೆ. ರೊಟ್ಟಿ ಬಡಿದರೆ ವಾಸಿಯಾದಳು, ಬಡಿಯದಿದ್ದರೆ ತವರಿಗೆ. ಅವಳ ದುಡಿಮೆಗೆ ಅರ್ಧ ಕೂಲಿಯೂ ಇಲ್ಲ, ಆದ್ದರಿಂದ ಅವಳಿಗಾದ ಮೋಸವನ್ನು ಅಳೆಯುವುದಕ್ಕೆ ಸೇರು, ಪಾವು ಏನೂ ಇಲ್ಲ.

ಸರಕಾರದ ಕೈಯಲ್ಲಿ ಒಂದು ಅಳತೆಗೋಲು ಇದೆ. 2002ರಿಂದ ಬಳಕೆಗೆ ಬಂದದ್ದು, ಐಡಿಯಾಸ್ ಎಂದು ಹೆಸರು. ತನ್ನ ಮೈಯ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟು, ಕಾಯಿಲೆಯ ವರ್ಷಗಳನ್ನು ಕೂಡಿಸಿ, ಶೇಕಡಾ 40ರ ಮೇಲಾದರೆ ಅಂಗವಿಕಲ ಪ್ರಮಾಣಪತ್ರ. ಇದು ಉಪಯೋಗದ ವಸ್ತು, ಮಾಡಿಸಿಕೊಳ್ಳಬೇಕು. 1995ರ ಕಾನೂನು ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯವೆಂದು ಒಪ್ಪಿಯೂ ನೌಕರಿಯ ಮೀಸಲಾತಿಯಲ್ಲಿ ಸೇರಿಸಿರಲಿಲ್ಲ. 2016ರ ಕಾನೂನು ಸೇರಿಸಿತು. ಆದರೆ ಆ ಅಳತೆಗೋಲು ಕೆಲಸ ಮಾಡುತ್ತಾನೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಕೂಲಿ ಎಷ್ಟು ಎಂದು ಕೇಳುವುದಿಲ್ಲ.

ನಮ್ಮ ಊರಿಗೆ ಇದೆಲ್ಲ ತೀರ ಹೊಸದೇ? ಗದಗಿನಲ್ಲೇ ವೀರೇಶ್ವರ ಪುಣ್ಯಾಶ್ರಮ ಇದೆ. ಕಣ್ಣಿಲ್ಲದ 1892ರ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಬಡ ಹುಡುಗರಿಗೆ ಅನ್ನ ಹಾಕಿ ಹಾರ್ಮೋನಿಯಂ, ತಬಲಾ, ಹಾಡು ಕಲಿಸಿದರು. ಭಿಕ್ಷೆ ಬೇಡಬೇಕಾದ ಕೈ ಸಂಭಾವನೆ ಪಡೆಯಿತು. ಕಣ್ಣು ಬರಲಿಲ್ಲ, ಬದುಕು ಬಂತು. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ದೇಶದಲ್ಲಿ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರಿ ಸಂಘ ಕಟ್ಟಿದರು. ಕೂಡಿ ದುಡಿಯುವ, ಕೂಡಿ ಹಂಚಿಕೊಳ್ಳುವ ವಿದ್ಯೆ ಈ ಮಣ್ಣಿಗೆ ಗೊತ್ತಿದೆ. ಕುರುಡನಿಗೆ ಸಿಕ್ಕ ಆ ಕೈ ಹುಚ್ಚನಿಗೆ ಸಿಗಲಿಲ್ಲ, ಏಕೆಂದರೆ ಕುರುಡನನ್ನು ಕಂಡರೆ ಮರುಕ, ಹುಚ್ಚನನ್ನು ಕಂಡರೆ ಕಲ್ಲು.

ದೊಡ್ಡ ಡಾಕ್ಟರು ಇಲ್ಲದೆ ಹಳ್ಳಿಯಲ್ಲಿ ಈ ಕೆಲಸ ಆಗುವುದಿಲ್ಲ ಎಂಬ ಮಾತಿಗೂ ಉತ್ತರ ಸಿಕ್ಕಿದೆ. ತಮಿಳುನಾಡು, ಗೋವಾ, ಸಾತಾರಾಗಳಲ್ಲಿ 282 ಜನ ರೋಗಿಗಳನ್ನು ಸೇರಿಸಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಅಲ್ಲಿಯದೇ ಊರುಗಳ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸಿದರು. ಗುಳಗಿ ತಪ್ಪದಂತೆ ನೋಡುವುದು, ಮನೆಯವರಿಗೆ ಹೇಳುವುದು, ಸರಕಾರದ ಸವಲತ್ತು ಕೊಡಿಸುವುದು, ಕೆಲಸದ ದಾರಿ ಹುಡುಕುವುದು. ಒಂದು ವರ್ಷದ ಮೇಲೆ ನೋಡಿದರೆ ಪವಾಡವೇನೂ ಆಗಿರಲಿಲ್ಲ, ಬರೀ ಆಸ್ಪತ್ರೆಗೆ ಹೋಗಿ ಬರುವವರಿಗಿಂತ ಇವರ ಸ್ಥಿತಿ ಒಂದಿಷ್ಟು ಮೇಲಾಗಿತ್ತು. ಹೆಚ್ಚಿನ ಗುಣ ಕಂಡದ್ದು ತಮಿಳುನಾಡಿನ ಹಳ್ಳಿಗಳಲ್ಲಿ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಕಟ್ಟಿದ 28 ಜನ ಬೆಂಕಿಯಲ್ಲಿ ಸುಟ್ಟು ಸತ್ತಿದ್ದರು. ಓಡಲು ಕಾಲಿತ್ತು, ಸರಪಳಿ ಬಿಡಲಿಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಸರಪಳಿಯನ್ನು ಯಾವ ರೂಪದಲ್ಲಿಯೂ ಕೂಡದೆಂದು ಹೇಳಿತು. ಊರಲ್ಲಿ, ಜನರ ನಡುವೆ ಬಾಳುವ ಹಕ್ಕು ಕೊಟ್ಟಿತು. ಇನ್ನೊಂದು ಮಾತನ್ನೂ ಬರೆಯಿತು, ಪತ್ರಿಕೆಗಳು ಅದನ್ನು ಗಮನಿಸಿದಂತಿಲ್ಲ: ಮಾನಸಿಕ ಆಸ್ಪತ್ರೆಯೊಳಗೆ ರೋಗಿಯಿಂದ ಒತ್ತಾಯದ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು. ಗಾಣ ತಿರುಗಿಸಿದ ಆ ಹೆಸರಿಲ್ಲದವರಿಗೆ ನೂರೈವತ್ತು ವರ್ಷ ತಡವಾಗಿ ಬಂದ ಉತ್ತರ ಇದು. ಆದರೆ ಅದು ಆಸ್ಪತ್ರೆಯ ಗೋಡೆಯ ಒಳಗಿನ ಮಾತು. ಹೊಲದಲ್ಲಿ? ಹೊಲದಲ್ಲಿ ದುಡಿಯುವವನಿಗಾಗಿ 1948ರಲ್ಲಿ ಬಂದು 2025ರವರೆಗೆ ಜಾರಿಯಲ್ಲಿದ್ದ ಕನಿಷ್ಠ ಕೂಲಿಯ ಕಾಯಿದೆಯನ್ನು ತೆಗೆದು ನೋಡಿದರೆ 26ನೆಯ ಕಲಮಿನಲ್ಲಿ ಸಿಗುತ್ತದೆ: ಅಂಗವಿಕಲ ಕೆಲಸಗಾರರ ಕೂಲಿಗೆ ಈ ಕಾನೂನು ಅನ್ವಯಿಸದೆಂದು ಸರಕಾರ ಬೇಕಾದರೆ ಆಜ್ಞೆ ಮಾಡಬಹುದಿತ್ತು. ಉಳ್ಳಾಗಡ್ಡಿ ಹೊಲದ ಒಡೆಯನಿಗೆ ಈ ಕಲಮು ಗೊತ್ತಿರಲಿಕ್ಕಿಲ್ಲ. ದಿಲ್ಲಿಯಲ್ಲಿ ಕೂತು ಅದನ್ನು ಬರೆದವರಿಗೆ ಈ ಹುಡುಗನೂ ಗೊತ್ತಿರಲಿಲ್ಲ. ಇಬ್ಬರ ಲೆಕ್ಕ ಮಾತ್ರ ತಾಳೆಯಾಗುತ್ತದೆ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಗೆಳೆಯರಲ್ಲಿ, ಅದರಲ್ಲೂ ಹಳ್ಳಿಯ ಮಾಸ್ತರರಲ್ಲಿ ನಾವು ಕೇಳುವುದು ಇಷ್ಟು. ನಿಮ್ಮ ಊರಿನ ಕೇರಿಗಳಲ್ಲಿ ಇಂಥವರು ಎಷ್ಟು ಜನ, ಗುಳಗಿ ಎಲ್ಲಿಂದ ಬರುತ್ತದೆ, ಪ್ರಮಾಣಪತ್ರ ಆಗಿದೆಯೇ, ಯಾವ ಕೆಲಸಕ್ಕೆ ಹೋಗುತ್ತಾರೆ, ಅದೇ ಕೆಲಸಕ್ಕೆ ಪಕ್ಕದ ಸಾಲಿನವನಿಗೆ ಎಷ್ಟು, ಇವರಿಗೆ ಎಷ್ಟು ಎಂದು ಬರೆದು ಕಳಿಸಿ. ಯಾರ ಹೆಸರೂ ಬೇಡ. ಊರು, ಕೆಲಸ, ಕೂಲಿ, ಇಷ್ಟು ಸಾಕು.